‘ನಂಗೆ ಓಟ ಬರುದಿಲ್ಲ’ ಎನ್ನುವ ಮಗಳಿಗೆ

ಪಂಪ್‌ವೆಲ್‌ನ ತಾಯಿಗೆ,

ಮಂಗಳೂರಿನ ಮಂಗಳಾ ಕ್ರೀಡಾಂಗಣದಿಂದ ಮರಳುವಾಗ ಮಗಳು ಬಸ್ಸಿನ ಕಿಟಕಿಗೆ ಮುಖ ಒತ್ತಿ, ‘ನಂಗೆ ಓಟ ಬರುದಿಲ್ಲ’ ಎಂದಳು ಎಂದು ಬರೆದಿದ್ದೀರಿ. ಆ ಹೊತ್ತಿಗೆ ಉಪದೇಶ ಬೇಡ. ಚುರುಮುರಿ ಕೊಡಿಸಿ, ಮನೆಗೆ ಕರೆದುಕೊಂಡು ಹೋಗಿ. ನೀವು ಕೇಳಿದ ಪುಸ್ತಕ ರಾತ್ರಿಗಿರಲಿ.

ಎಂಟು ವರ್ಷಕ್ಕೆ ಚಿತ್ರಪುಸ್ತಕ ಚಿಕ್ಕದಾಯಿತೇ ಎಂಬ ಅನುಮಾನ ಬಿಡಿ. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ನಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿಯೇ ಸಿಗುತ್ತವೆ. ಪಾತ್ರ ಸೋಲುವ ಪುಟದಲ್ಲಿ ನಿಲ್ಲಿಸಿ, ‘ಇವಳು ನಾಳೆ ಏನು ಮಾಡಿಯಾಳು?’ ಎಂದು ಕೇಳಿ. ಮತ್ತೆ ಸುಮ್ಮನಿರಿ. ನಮಗೆ ಅದೇ ಕಷ್ಟ, ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ!

ಅಜ್ಜ ಅವಳನ್ನು ‘ಹುಟ್ಟು ಓಟಗಾರ್ತಿ’ ಎನ್ನುತ್ತಾರಂತೆ. ಪ್ರೀತಿಯ ಮಾತೇ, ಆದರೆ ಭಾರದ್ದು. ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಮತ್ತು ಕ್ಲಾಡಿಯಾ ಮ್ಯೂಲರ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ಜಾಣ’ ಎನ್ನಿಸಿಕೊಂಡ ಮಕ್ಕಳು ಸೋತ ಮೇಲೆ ಬೇಗ ಕೈಚೆಲ್ಲಿದರು; ಶ್ರಮಕ್ಕೆ ಶಹಬ್ಬಾಸ್ ಪಡೆದವರು ಪಟ್ಟು ಹಿಡಿದರು. ಆದರೆ ನಂತರದ ದೊಡ್ಡ ಅಧ್ಯಯನಗಳಲ್ಲಿ, ಶ್ರಮದಿಂದ ಸಾಮರ್ಥ್ಯ ಬೆಳೆಯುತ್ತದೆ ಎಂದು ಕಲಿಸುವ ಪಾಠಗಳ ಪರಿಣಾಮ ಸಣ್ಣದಾಗಿಯೇ ಕಂಡಿದೆ. ಹಾಗಾಗಿ ಪುಸ್ತಕ ಮದ್ದಲ್ಲ, ಕೋಚ್‌ ಕಲಿಸುವ ಸ್ಟಾರ್ಟ್‌ಗೆ ಬದಲಿಯೂ ಅಲ್ಲ.

‘ಬರುದಿಲ್ಲ’ ಎಂದಾಗ ‘ಇನ್ನೂ ಬರ್ಲಿಲ್ಲ’ ಎಂದು ತಿದ್ದಿ. ಫ್ಲೈಓವರ್‌ಗಾಗಿ 2020ರವರೆಗೆ ಕಾದ ಪಂಪ್‌ವೆಲ್‌ನವರಿಗೆ ‘ಇನ್ನೂ’ ಎಂಬ ಪದ ಹೊಸತೇನಲ್ಲ.

ಮಂಗಳೂರಿನ ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಗೇಮ್ಸ್‌ ರಿಲೇಯಲ್ಲಿ ಚಿನ್ನ ಗೆದ್ದವರು. ಅವರ ಪದಕದ ಫೋಟೋ ತೋರಿಸುವ ಮೊದಲು ಮಗಳದ್ದೇ ಪುಸ್ತಕವಾಗಲಿ: ನಾಲ್ಕು ಹಾಳೆ ಮಡಚಿ ಪಿನ್ ಹೊಡೆಯಿರಿ. ಶೂ ಲೇಸ್ ಬಿಚ್ಚಿದ್ದು, ಮೊಣಕಾಲು ತರಚಿದ್ದು, ಎಲ್ಲ ಅವಳೇ ಬಿಡಿಸಲಿ. ಕೊನೆಯ ಪುಟ ಮುಂದಿನ ಭಾನುವಾರದ ಓಟಕ್ಕೆ ಖಾಲಿ ಇರಲಿ.