ಒಂದು ಸಲಕ್ಕೆ ಒಂದೇ ಗಾಯ

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ತಾರಸಿ ಹತ್ತಿದ್ದೀರಿ. ಮೊನ್ನೆ ತಂದ ಆಲದ ಗಿಡದ ಮುಂದೆ ಕತ್ತರಿ, ತಂತಿಯ ಸುರುಳಿ, ಹೊಸ ಕುಂಡ ಎಲ್ಲ ಹರಡಿಕೊಂಡು ಕೂತಿದ್ದೀರಿ. ಊಟದ ಹೊತ್ತಿಗೆ ಕೊಂಬೆ ಸವರಿ, ತಂತಿ ಸುತ್ತಿ, ಬೇರು ಕತ್ತರಿಸಿ, ಕುಂಡ ಬದಲಿಸಿ, ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿಬಿಡಬೇಕು ಅಂತ ನಿಮ್ಮ ಲೆಕ್ಕ. ಸ್ವಲ್ಪ ತಡೆಯಿರಿ. ಆ ಕತ್ತರಿ ಕೆಳಗಿಡಿ.

ಬೇರು ಕತ್ತರಿಸಿದರೆ ಗಿಡ ಕುಡಿಯುವ ನೀರು ಕಡಿಮೆಯಾಗುತ್ತದೆ. ಎಲೆ ತೆಗೆದರೆ ಅದು ಮಾಡಿಕೊಳ್ಳುವ ಆಹಾರ ಕಡಿಮೆಯಾಗುತ್ತದೆ. ತಂತಿ ಸುತ್ತಿ ಬಗ್ಗಿಸಿದರೆ ತೊಗಟೆಯ ಒಳಗೆ ಸಣ್ಣ ಸಣ್ಣ ಬಿರುಕು ಬೀಳುತ್ತವೆ. ಈ ಮೂರರಲ್ಲಿ ಯಾವುದೇ ಒಂದನ್ನು ಆರೋಗ್ಯದ ಗಿಡ ತಡೆದುಕೊಳ್ಳುತ್ತದೆ. ಮೂರನ್ನೂ ಒಂದೇ ದಿನ ಮಾಡಿದಿರೋ, ಗಾಯ ಮಾಯಿಸಿಕೊಳ್ಳಲು ಅದಕ್ಕೆ ಶಕ್ತಿ ಎಲ್ಲಿಂದ ಬರಬೇಕು? ಸತ್ತ ಮೇಲೆ ‘ನನ್ನ ಕೈಗುಣ ಸರಿಯಿಲ್ಲ’ ಅಂತ ಕೊರಗುತ್ತೀರಿ. ನಿಮ್ಮ ಕೈಯಲ್ಲಿ ತಪ್ಪೇನೂ ಇಲ್ಲ. ತಪ್ಪು ಅವಸರದ್ದು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಬೋನ್ಸಾಯ್ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ.

ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಒಂದು ಬಿಳಿ ಪೈನ್ ಇದೆ. 1625ರಿಂದ ಕುಂಡದಲ್ಲಿ ಆರೈಕೆಯಾಗುತ್ತಿರುವ ಮರ ಅದು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ, ಸುಮಾರು 3 ಕಿಲೋಮೀಟರ್ ದೂರದಲ್ಲಿ ಯಮಾಕಿ ಮನೆತನದ ಗೋಡೆಯ ಮರೆಯಲ್ಲಿದ್ದು ಉಳಿದುಕೊಂಡಿತು. 1976ರಲ್ಲಿ ಮಸಾರು ಯಮಾಕಿ ಅದನ್ನು ಅಮೆರಿಕಕ್ಕೆ ಕಾಣಿಕೆಯಾಗಿ ಕೊಟ್ಟರು. ಎಷ್ಟು ತಲೆಮಾರಿನ ಕೈಗಳು ಅದಕ್ಕೆ ನೀರು ಹಾಕಿವೆ, ಎಷ್ಟು ಸಲ ತಂತಿ ಕಟ್ಟಿ ಬಿಚ್ಚಿವೆ ಯೋಚಿಸಿ. ನಿಮ್ಮ ಆಲದ ಗಿಡಕ್ಕೆ ಒಂದು ಮಳೆಗಾಲವಾದರೂ ಪುರಸೊತ್ತು ಕೊಡಿ.

ಇನ್ನು ಗಿಡದ ಆಯ್ಕೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದಲ್ಲೋ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟದಲ್ಲೋ ಸುತ್ತಾಡಿ ಬಂದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆಸೆ ಒಳ್ಳೆಯದೇ. ಆದರೆ ಶುರುವಿಗೇ ಚಳಿ ಬೇಡುವ ಪೈನು, ಜುನಿಪರ್ ತಂದು ಸೋಫಾದ ಪಕ್ಕ ಇಡಬೇಡಿ. ಆಲ, ಬಸರಿ, ಗೋಣಿ, ಅರಳಿ, ಹುಣಸೆ, ಕಾಗದದ ಹೂ, ಜೇಡ್ ಇವೆಲ್ಲ ನಮ್ಮ ಹವೆಗೆ ಒಗ್ಗಿದವು, ನಿಮ್ಮ ತಪ್ಪುಗಳನ್ನು ಸಹಿಸುವಂಥವು. ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಹಕ್ಕಿ ಬಿತ್ತಿದ ಅರಳಿ ಸಸಿ ಸಿಕ್ಕರೆ ಬೇರು ಹರಿಯದಂತೆ ಬಿಡಿಸಿಕೊಳ್ಳಿ. ದುಡ್ಡೂ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ. ಅಂಗಡಿಯಿಂದ ತಂದ ಗಿಡದ ಮಣ್ಣಿನ ಮೇಲೆ ಬಣ್ಣದ ಕಲ್ಲುಗಳನ್ನು ಗೋಂದು ಹಾಕಿ ಅಂಟಿಸಿದ್ದರೆ ಮೊದಲು ಅದನ್ನು ಕಿತ್ತೆಸೆಯಿರಿ, ನೀರು ಒಳಗಿಳಿಯುವುದೇ ಇಲ್ಲ. ಮತ್ತೆ ಯಾವ ಗಿಡವಾದರೂ ಅದರ ಜಾಗ ಬಯಲು, ಬಿಸಿಲು, ಗಾಳಿ. ಅತಿಥಿಗಳು ಬಂದ ದಿನ ಒಳಗೆ ತಂದಿಡಿ, ಮಾರನೆಯ ದಿನ ಹೊರಗೆ.

ತಂದ ಗಿಡವನ್ನು ಎರಡು ಮೂರು ತಿಂಗಳು ಸುಮ್ಮನೆ ನೋಡಿ. ಬುಡದಲ್ಲಿ ಬೇರು ಯಾವ ಕಡೆ ಚೆನ್ನಾಗಿ ಹರಡಿದೆ? ಅದೇ ಗಿಡದ ಮುಖ. ಒಟ್ಟು ಎತ್ತರದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಮೊದಲ ಕೊಂಬೆ ಇದ್ದರೆ ಮರದ ಕಳೆ ಬರುತ್ತದೆ. ಒಂದೇ ಮಟ್ಟದಲ್ಲಿ ಎರಡೂ ಪಕ್ಕಕ್ಕೆ ಕೈ ಚಾಚಿದ ಹಾಗಿರುವ ಕೊಂಬೆಗಳಲ್ಲಿ ಒಂದನ್ನು ತೆಗೆಯಬೇಕು. ಯಾವುದನ್ನು ಅಂತ ಗೊತ್ತಾಗದಿದ್ದರೆ ಒಂದಕ್ಕೆ ಬಟ್ಟೆ ಮುಚ್ಚಿ ದೂರದಿಂದ ನೋಡಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ. ಆಲದ ಜಾತಿಯ ಗಿಡ ಕತ್ತರಿಸಿದಾಗ ಹಾಲು ಸುರಿಯುತ್ತದೆ, ಒದ್ದೆ ಬಟ್ಟೆ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ಆ ಕೈಯಲ್ಲಿ ಕಣ್ಣು ಮಾತ್ರ ಉಜ್ಜಿಕೊಳ್ಳಬೇಡಿ.

ಈಗ ತಂತಿಯ ವಿಷಯ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿರುತ್ತೀರೋ, ಇಲ್ಲಿ ಅದು ನೇರವಾಗಿ ಅನ್ವಯಿಸುತ್ತದೆ. ಪೆನ್ಸಿಲ್ ದಪ್ಪದೊಳಗಿನ ಕೊಂಬೆ ನಿಮ್ಮ ಮಾತು ಕೇಳುತ್ತದೆ. ಹೆಬ್ಬೆರಳಿನ ದಪ್ಪದ್ದನ್ನು ಬಗ್ಗಿಸಲು ಹೋದರೆ ಲಟಕ್ಕನೆ ಮುರಿಯುತ್ತದೆ. ಅಲ್ಯೂಮಿನಿಯಂ ತಂತಿ ಸಾಕು, ಕೊಂಬೆಯ ದಪ್ಪದ ಮೂರನೇ ಒಂದರಷ್ಟು ಇರಲಿ. ಪೆನ್ಸಿಲ್ ದಪ್ಪಕ್ಕೆ 2.5 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ತಾಮ್ರವಾದರೆ ಇನ್ನೂ ತೆಳುವಾದದ್ದು ಸಾಲುತ್ತದೆ. ಮನೆಯಲ್ಲಿ ಬಿದ್ದಿದ್ದ ಕಬ್ಬಿಣದ ತಂತಿ ಬೇಡವೇ ಬೇಡ, ತುಕ್ಕು ಹಿಡಿಯುತ್ತದೆ, ತೊಗಟೆಯನ್ನೂ ಕೊಯ್ಯುತ್ತದೆ. ಕೊಂಬೆಯ ಉದ್ದದ ಒಂದೂವರೆಯಷ್ಟು ತಂತಿ ಕತ್ತರಿಸಿಕೊಳ್ಳಿ.

ಹಿಂದಿನ ದಿನ ನೀರು ಸ್ವಲ್ಪ ಕಡಿಮೆ ಮಾಡಿ, ತುಸು ಬಾಡಿದ ಕೊಂಬೆ ಸಲೀಸಾಗಿ ಬಾಗುತ್ತದೆ. ಮೊದಲು ಕಾಂಡಕ್ಕೆ ಎರಡು ಸುತ್ತು ಹಾಕಿ ಬಿಗಿ ಮಾಡಿ, ಆಮೇಲೆ ಕೊಂಬೆಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ, ಒಂದೇ ಅಂತರದಲ್ಲಿ ಸುತ್ತುತ್ತಾ ಹೋಗಿ. ತಂತಿ ತೊಗಟೆಗೆ ತಾಗಿರಬೇಕು, ಅದುಮಬಾರದು. ಎಲೆಯನ್ನು ತಂತಿಯ ಅಡಿ ಸಿಕ್ಕಿಸಬೇಡಿ. ಬಗ್ಗಿಸುವಾಗ ಬಾಗಿನ ಹೊರಮೈಯ ಮೇಲೆ ಒಂದು ಸುತ್ತು ಬಂದಿರಲಿ, ಸೀಳುವುದು ಅಲ್ಲಿಯೇ. ಎರಡೂ ಹೆಬ್ಬೆರಳು ಒಳಗಿನಿಂದ ಆನಿಸಿ, ಉಳಿದ ಬೆರಳುಗಳಿಂದ ಮೆಲ್ಲಗೆ ಒತ್ತಿ. ಸಣ್ಣಗೆ ಚಿಟಿಚಿಟಿ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಉಳಿದದ್ದು ಹದಿನೈದು ದಿನ ಬಿಟ್ಟು.

ಕಟ್ಟುವುದನ್ನು ಎಲ್ಲರೂ ಮುತುವರ್ಜಿಯಿಂದ ಮಾಡುತ್ತೀರಿ, ಬಿಚ್ಚುವುದನ್ನು ಮರೆಯುತ್ತೀರಿ. ನನ್ನ ಮೊದಲ ಬಸರಿ ಗಿಡಕ್ಕೆ ಜೂನ್‌ನಲ್ಲಿ ತಂತಿ ಕಟ್ಟಿ, ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋದೆ. ಎರಡು ತಿಂಗಳು ಒಳ್ಳೆಯ ಮಳೆ. ಬಂದು ನೋಡಿದರೆ ಕೊಂಬೆ ಊದಿ, ತಂತಿ ಅರ್ಧಕ್ಕರ್ಧ ತೊಗಟೆಯೊಳಗೆ ಹೂತುಹೋಗಿತ್ತು. ಬಿಡಿಸಲು ಎಳೆದಲ್ಲೆಲ್ಲ ತೊಗಟೆ ಕಿತ್ತು ಹಾಲು ಜಿನುಗಿತು. ಕಾಯಲೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಹನ್ನೊಂದು ವರ್ಷ ಕಳೆದಿದೆ. ಇವತ್ತಿಗೂ ಆ ಕೊಂಬೆಯ ಮೇಲೆ ಬೆರಳಾಡಿಸಿದರೆ ಬಾಟಲಿಯ ಬಾಯಿಯ ಮರೆಯಂತೆ ಸುರುಳಿ ಸುರುಳಿ ಗೆರೆ ಕೈಗೆ ತಾಗುತ್ತದೆ, ನೀರು ಹಾಕುವಾಗಲೆಲ್ಲ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಮಳೆಗಾಲದಲ್ಲಿ ಆಲದ ಜಾತಿಯ ಗಿಡಗಳ ತಂತಿಯನ್ನು ವಾರಕ್ಕೊಮ್ಮೆ ನೋಡಿ. ಮೂರು ನಾಲ್ಕು ವಾರದಲ್ಲೇ ಕಚ್ಚಲು ಶುರುವಾಗುತ್ತದೆ. ತೆಗೆಯುವಾಗ ಸುರುಳಿ ಬಿಚ್ಚಲು ಹೋಗಬೇಡಿ, ಸುತ್ತು ಸುತ್ತಿಗೂ ಕಟ್ಟರ್‌ನಿಂದ ಕತ್ತರಿಸಿ ತುಂಡು ತುಂಡಾಗಿ ಉದುರಿಸಿ. ನಾಲ್ಕು ರೂಪಾಯಿಯ ತಂತಿ ಉಳಿಸಲು ನಾಲ್ಕು ವರ್ಷದ ಕೊಂಬೆ ಮುರಿದುಕೊಂಡವರನ್ನು ನೋಡಿದ್ದೇನೆ. ಕೊಂಬೆ ಮೊದಲಿನ ಜಾಗಕ್ಕೇ ಎದ್ದರೆ ಬೇರೆ ಜಾಡಿನಲ್ಲಿ ಇನ್ನೊಮ್ಮೆ ಕಟ್ಟಿ.

ಕುಂಡ ಬದಲಿಸುವುದು ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಹಾಕಿದ ನೀರು ಇಂಗದೆ ಮೇಲೆಯೇ ನಿಲ್ಲುತ್ತಿದ್ದರೆ, ಗಿಡವನ್ನು ಎತ್ತಿದಾಗ ಬೇರು ಕುಂಡದ ಗೋಡೆಯ ಸುತ್ತ ಚಾಪೆ ನೇಯ್ದಂತೆ ಕಂಡರೆ, ಕಾಲ ಬಂತು ಎಂದು ಅರ್ಥ. ಎಲೆ ಉದುರಿಸುವ ಗಿಡಗಳಿಗೆ ಯುಗಾದಿಗೆ ಮುಂಚೆ, ಮೊಗ್ಗು ಉಬ್ಬುತ್ತಿರುವಾಗ ಒಳ್ಳೆಯದು. ಆಲ, ಬಸರಿ, ಗೋಣಿಗೆ ಮೃಗಶಿರಾ ಮಳೆ ಹಿಡಿದ ಮೇಲೆ ಮಾಡಿ. ಸುಡು ಬೇಸಿಗೆಯಲ್ಲಾಗಲಿ, ಡಿಸೆಂಬರ್ ಚಳಿಯಲ್ಲಾಗಲಿ ಬೇರಿಗೆ ಕೈ ಹಾಕಬೇಡಿ.

ಮಣ್ಣಿನ ವಿಷಯದಲ್ಲಿ ನಿಮ್ಮೊಂದಿಗೆ ನನಗೆ ಸ್ವಲ್ಪ ಜಗಳವೇ ಇದೆ. ತೋಟದ ಕೆಂಪು ಮಣ್ಣನ್ನೇ ತುಂಬಿಬಿಡುತ್ತೀರಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಂಗೈ ಮೇಲೆ ಅಡ್ಡ ಮಲಗಿಸಿ, ತೊಟ್ಟಿಕ್ಕುವುದು ನಿಲ್ಲುತ್ತದೆ. ಅದನ್ನೇ ಉದ್ದಕ್ಕೆ ನಿಲ್ಲಿಸಿ, ಮತ್ತೆ ನೀರು ಇಳಿಯುತ್ತದೆ. ತಟ್ಟೆಯಂಥ ಬೋನ್ಸಾಯ್ ಕುಂಡ ಆ ಮಲಗಿಸಿದ ಸ್ಪಂಜಿನ ಹಾಗೆ, ಆಳವಿಲ್ಲದ್ದರಿಂದ ನೀರು ತಳದಲ್ಲಿ ಉಳಿಯುತ್ತದೆ, ಬೇರು ಕೊಳೆಯುತ್ತದೆ. ಆದ್ದರಿಂದ ಮಿಶ್ರಣ ತರಿತರಿಯಾಗಿರಬೇಕು. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ಜಜ್ಜಿ ಜರಡಿ ಹಿಡಿದು, 3ರಿಂದ 6 ಮಿಲಿಮೀಟರ್‌ನ ಚೂರು ಮಾತ್ರ ತೆಗೆದುಕೊಳ್ಳಿ. ಅದು ಮೂರು ಪಾಲು, ದಪ್ಪ ಮರಳು ಒಂದು ಪಾಲು, ಮಾಗಿದ ಎಲೆಗೊಬ್ಬರ ಒಂದು ಪಾಲು. ಪುಡಿಯನ್ನು ದಾಸವಾಳದ ಬುಡಕ್ಕೆ ಹಾಕಿ. ಕೈ ಕೆಸರಾದರೆ ಬಾಯಿ ಮೊಸರು, ಜರಡಿ ಹಿಡಿಯಲು ಬೇಸರಪಡಬೇಡಿ.

ಬೇರಿನ ಗಂಟನ್ನು ಕಡ್ಡಿಯಿಂದ ಹೊರಗಿನಿಂದ ಕೆಳಕ್ಕೆ, ಸಿಕ್ಕುಗೂದಲು ಬಿಡಿಸುವಷ್ಟೇ ನಿಧಾನವಾಗಿ ಬಾಚಿ. ಕೆಳಕ್ಕೆ ಇಳಿದ ದಪ್ಪ ಬೇರು, ಸುತ್ತಿಕೊಂಡ ಬೇರು ತೆಗೆಯಿರಿ, ಅಕ್ಕಪಕ್ಕಕ್ಕೆ ಹರಡಿದ ನಾರುಬೇರು ಉಳಿಸಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ನಡುವೆ ಫೋನು ಬಂದರೆ ಎತ್ತಬೇಡಿ, ಬೇರು ಒಣಗಿದರೆ ಮುಗಿಯಿತು, ಒದ್ದೆ ಬಟ್ಟೆ ಹೊದಿಸಿಡಿ. ಕುಂಡದ ತೂತಿಗೆ ಜಾಲರಿ ಇಟ್ಟು, ಅದೇ ತೂತಿನಿಂದ ತಂತಿ ಏರಿಸಿ ಬೇರಿನ ಗಡ್ಡೆಯನ್ನು ಕಟ್ಟಿಹಾಕಿ. ಗಾಳಿಗೆ ಗಿಡ ಓಲಾಡಿದರೆ ಹೊಸ ಬೇರು ಮೂಡಿ ಮೂಡಿ ಹರಿಯುತ್ತವೆ. ಕಡ್ಡಿಯಿಂದ ಚುಚ್ಚುತ್ತಾ ಬೇರುಗಳ ಸಂದಿಗೆಲ್ಲ ಮಿಶ್ರಣ ಇಳಿಸಿ, ತಳದಿಂದ ತಿಳಿನೀರು ಬರುವ ತನಕ ನೀರು ಹನಿಸಿ.

ಆಮೇಲೆ ಎರಡು ಮೂರು ವಾರ ನೆರಳು. ಗೊಬ್ಬರ ಒಂದು ಚಿಟಿಕೆಯೂ ಬೇಡ, ಹೊಸ ಎಲೆ ಬಿಚ್ಚಿಕೊಳ್ಳುವ ತನಕ ಕಾಯಿರಿ. ಬೆರಳನ್ನು ಅರ್ಧ ಇಂಚು ಒಳಗಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. ಅತಿಯಾದರೆ ಅಮೃತವೂ ವಿಷ. ಈ ವರ್ಷ ತಂತಿಯ ಮಾತು ಎತ್ತಬೇಡಿ, ಕುಂಡಕ್ಕೆ ತಾರೀಖಿನ ಚೀಟಿ ಅಂಟಿಸಿ. ನಾಲ್ಕಾರು ಎಲೆ ಹಳದಿಯಾಗಿ ಉದುರಿದರೆ ಗಾಬರಿಯಾಗಬೇಡಿ. ಒಂದು ಎಳೆ ರೆಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪವೇ ಗೀರಿ ನೋಡಿ. ಒಳಗೆ ಹಸಿರಿದ್ದರೆ ಅದರ ಪಾಡಿಗೆ ಅದನ್ನು ಬಿಡಿ. ಬೇರು ಹಿಡಿಯಿತೋ ಇಲ್ಲವೋ ಅಂತ ಬುಡ ಹಿಡಿದು ಅಲ್ಲಾಡಿಸಬೇಡಿ.