ಓಲೆ ಅಡ ಇಡುವ ಮುಂಚೆ

ಗುಡವಿ ಕೆರೆಯ ಹಕ್ಕಿಗಳು ಹಾರಿ ಹೋಗಿದ್ದವು. ಬೇಸಿಗೆ ಶುರುವಾಗಿತ್ತು. ಊರಿನ ಒಂದು ಮನೆಯಲ್ಲಿ ಇಬ್ಬರು ವಾರಗಿತ್ತಿಯರು. ಕಿರಿಯವಳ ಗಂಡ ದರಗು ತರಲು ಕಾಡಿಗೆ ಹೋಗಿ ಬಂದಿದ್ದ. ವಾರದೊಳಗೆ ಜ್ವರ ಬಂತು. ತಲೆನೋವು, ಮೈಕೈ ನೋವು, ವಾಂತಿ.

ಕಿರಿಯವಳು ಕಿವಿಯ ಓಲೆ ಬಿಚ್ಚಿದಳು.

"ಅಕ್ಕಾ, ಇದನ್ನ ಅಡ ಇಟ್ಟು ದುಡ್ಡು ತರ್ತೀನಿ. ದುಡ್ಡಿಲ್ಲದೆ ಆಸ್ಪತ್ರೆಗೆ ಹೋಗೋದು ಹೆಂಗೆ?"

ಹಿರಿಯವಳು ಸಾಕ್ಷರತಾ ತರಗತಿಗೆ ಹೋಗುವವಳು.

"ತಡಿ ಮಾರಾಯ್ತಿ. ಓಲೆ ಹಾಕ್ಕೋ. ಮೊದಲು ರೇಷನ್ ಕಾರ್ಡು, ಆಧಾರ್ ಕಾರ್ಡು ತೆಗಿ. ಸರ್ಕಾರಿ ಆಸ್ಪತ್ರೆಗೆ ಹೋಗೋಣ" ಅಂದಳು.

ನಮ್ಮ ತಾಲ್ಲೂಕಿನ ಹೆಸರಿನ ಕಾಯಿಲೆ

ಕಾಡಿಗೆ ಹೋದವರಿಗೆ ಜ್ವರ ಬಂದರೆ ನಮ್ಮ ಕಡೆ ಎಲ್ಲರಿಗೂ ಒಂದೇ ಭಯ. ಅದು ಮಂಗನ ಕಾಯಿಲೆ. ಈ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗು ಕಚ್ಚುವುದರಿಂದ ಇದು ಬರುತ್ತದೆ. ಇದನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆಗೆ ಸೇರಿಸಿ ಆರೈಕೆ ಮಾಡಿದರೆ ಹೆಚ್ಚಿನವರು ಗುಣವಾಗುತ್ತಾರೆ. ದುಡ್ಡು ಹೊಂದಿಸುತ್ತಾ ಕೂತರೆ ಜೀವಕ್ಕೇ ಅಪಾಯ.

2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಈ ಕಾಯಿಲೆ ಹಬ್ಬಿತು. ಹಲವರು ತೀರಿಕೊಂಡರು. ಬಹಳ ಜನರನ್ನು ದೂರದ ಮಣಿಪಾಲದ ಖಾಸಗಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಕೂಲಿ ಮಾಡುವವರು ಅಷ್ಟು ದುಡ್ಡು ಎಲ್ಲಿಂದ ತರಬೇಕು? ಜನ ಈ ಪ್ರಶ್ನೆ ಕೇಳಿದರು. ಚಿಕಿತ್ಸೆಯ ಖರ್ಚು ತಾನೇ ಕೊಡುವುದಾಗಿ ಸರ್ಕಾರ ಹೇಳಿತು.

ಕೇಳುವುದು ತಪ್ಪಲ್ಲ. ಕೇಳಬೇಕು.

ಇದು ಭಿಕ್ಷೆ ಅಲ್ಲ

ಬಡವರಿಗೆ ಚಿಕಿತ್ಸೆ ಕೊಡುವುದು ಸರ್ಕಾರ ಮಾಡುವ ಉಪಕಾರವೇ? ಅಲ್ಲ. ಒಂದು ನಿಜವಾದ ಸಂಗತಿ ಓದಿ.

1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಒಬ್ಬ ಕೂಲಿಕಾರ ರೈಲಿನಿಂದ ಬಿದ್ದ. ತಲೆಗೆ ಪೆಟ್ಟಾಯಿತು. ಅವನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಒಂದು ಕಡೆ ಹಾಸಿಗೆ ಇಲ್ಲ ಅಂದರು. ಇನ್ನೊಂದು ಕಡೆ ಸೌಲಭ್ಯ ಇಲ್ಲ ಅಂದರು. ಕೊನೆಗೆ ಖಾಸಗಿ ಆಸ್ಪತ್ರೆಗೆ ಸೇರಿದ. ಸುಮಾರು 17,000 ರೂಪಾಯಿ ಖರ್ಚಾಯಿತು.

ಅವನ ಕೂಲಿಕಾರರ ಸಂಘ ಸುಮ್ಮನೆ ಕೂರಲಿಲ್ಲ. ಅವನೊಂದಿಗೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ತೀರ್ಪು ಬಂತು. ಸಂವಿಧಾನದ 21ನೇ ವಿಧಿ ಎಲ್ಲರಿಗೂ ಬದುಕುವ ಹಕ್ಕು ಕೊಟ್ಟಿದೆ. ತುರ್ತು ಸಮಯದಲ್ಲಿ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಡದಿದ್ದರೆ ಆ ಹಕ್ಕಿಗೆ ಧಕ್ಕೆ. ದುಡ್ಡಿಲ್ಲ ಎಂದು ಸರ್ಕಾರ ನೆಪ ಹೇಳುವಂತಿಲ್ಲ. ಕೋರ್ಟು ಹೀಗೆ ಹೇಳಿತು. ಆ ಕೂಲಿಕಾರನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು.

ಒಬ್ಬನ ನೋವಿಗೆ ಸಂಘ ದನಿಯಾಯಿತು. ಅದರಿಂದ ದೇಶದ ಎಲ್ಲರಿಗೂ ಬಲ ಬಂತು.

ನಮ್ಮ ರಾಜ್ಯದಲ್ಲಿ ಏನಿದೆ?

2018ರಲ್ಲಿ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಯೋಜನೆ ಬಂತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ಒಬ್ಬೊಬ್ಬರಿಗೆ ಅಲ್ಲ, ಇಡೀ ಕುಟುಂಬಕ್ಕೆ ಸೇರಿ. ಎ.ಪಿ.ಎಲ್. ಕುಟುಂಬಕ್ಕೆ ಗೊತ್ತುಮಾಡಿದ ದರದ ನೂರಕ್ಕೆ 30 ಭಾಗವನ್ನು ಸರ್ಕಾರ ಕೊಡುತ್ತದೆ. ಅದಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇದೆ.

ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಡಾಕ್ಟರು ಪತ್ರ ಬರೆದು ಬೇರೆ ಆಸ್ಪತ್ರೆಗೆ ಕಳಿಸುತ್ತಾರೆ. ಆ ಆಸ್ಪತ್ರೆ ಯೋಜನೆಗೆ ಸೇರಿರಬೇಕು. ಜೀವಕ್ಕೆ ಅಪಾಯದ ತುರ್ತು ಇದ್ದರೆ ಪತ್ರಕ್ಕೆ ಕಾಯಬೇಡಿ. ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರ ಹೋಗಿ.

ಖಾಸಗಿ ಆಸ್ಪತ್ರೆಗೂ ಕಾನೂನು ಇದೆ. 2017ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ತುರ್ತಿನಲ್ಲಿ 'ಮೊದಲು ದುಡ್ಡು ಕಟ್ಟಿ' ಎಂದು ಹಟ ಹಿಡಿಯುವಂತಿಲ್ಲ. ಬಾಕಿ ಇದೆ ಎಂದು ಶವ ತಡೆಯುವಂತಿಲ್ಲ.

ಆ ದಿನ ಏನಾಯಿತು?

ಸರ್ಕಾರಿ ಡಾಕ್ಟರು ರಕ್ತ ತೆಗೆದರು. ಪತ್ರ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕಿಟಕಿಯಲ್ಲಿ ಕೂತವನು, "ಮೊದಲು ಅಡ್ವಾನ್ಸ್ ಕಟ್ಟಿ" ಅಂದ. ಕಿರಿಯವಳ ಕೈ ಮತ್ತೆ ಕಿವಿಗೆ ಹೋಯಿತು.

ಹಿರಿಯವಳು ಸುತ್ತ ನೋಡಿದಳು. ಗೋಡೆಯ ಮೇಲೆ ಒಂದು ಬೋರ್ಡು. ಅಕ್ಷರ ಕೂಡಿಸಿ ಓದಿದಳು. "ಆ–ರೋ–ಗ್ಯ ಮಿ–ತ್ರ."

ಆರೋಗ್ಯ ಮಿತ್ರ ಅಂದರೆ ಯೋಜನೆಯ ಕೆಲಸ ನೋಡಲು ಆಸ್ಪತ್ರೆಯಲ್ಲಿ ಇರುವವರು. ಅವರ ಮುಂದೆ ಕಾರ್ಡು, ಪತ್ರ ಇಟ್ಟಳು. "ನಮ್ಮ ಮೈದುನನ್ನ ಯೋಜನೇಲಿ ಸೇರಿಸ್ಕೊಳ್ಳಿ. ಆಗಲ್ಲ ಅಂದ್ರೆ ಯಾಕೆ ಅಂತ ಬರೆದುಕೊಡಿ" ಅಂದಳು.

ಬರೆದುಕೊಡುವ ಮಾತು ಬಂದ ಮೇಲೆ ಕೆಲಸ ಆಯಿತು. ಬಸ್ಸಿಗೆ, ಊಟಕ್ಕೆ ಕೈಯಿಂದ ಖರ್ಚಾಯಿತು. ಆದರೆ ಓಲೆ ಕಿವಿಯಲ್ಲೇ ಉಳಿಯಿತು.

ನೆನಪಿಡಿ

1. ರೇಷನ್ ಕಾರ್ಡು, ಆಧಾರ್ ಕಾರ್ಡು ಒಂದೇ ಚೀಲದಲ್ಲಿ ಇಡಿ.
2. ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿ. ಯೋಜನೆಯ ವಿಚಾರ ಕೇಳಲು 14555.
3. ದುಡ್ಡು ಕಟ್ಟಿದರೆ ರಸೀದಿ ಕೇಳಿ.
4. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.
5. ಅನ್ಯಾಯವಾದರೆ ಅರ್ಜಿ ಬರೆಯಿರಿ. ಒಬ್ಬರೇ ಹೋಗಬೇಡಿ, ಸಂಘದ ನಾಲ್ಕು ಜನ ಸೇರಿ ಹೋಗಿ.

ಅರ್ಜಿ ಬರೆಯೋಣ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಶಿವಮೊಗ್ಗ.

ಮಾನ್ಯರೇ,

ನಾನು ಸೊರಬ ತಾಲ್ಲೂಕು ಗುಡವಿ ಗ್ರಾಮದವಳು. ನಮ್ಮದು ಬಿ.ಪಿ.ಎಲ್. ಕಾರ್ಡು. ದಿನಾಂಕ ........ ರಂದು ನನ್ನ ........ ಅವರನ್ನು ........ ಆಸ್ಪತ್ರೆಗೆ ಸೇರಿಸಿದೆವು. ಕಾರ್ಡು ತೋರಿಸಿದರೂ ........ ರೂಪಾಯಿ ಕಟ್ಟಿಸಿಕೊಂಡಿದ್ದಾರೆ. ರಸೀದಿಯ ನಕಲು ಇಟ್ಟಿದ್ದೇನೆ. ವಿಚಾರಣೆ ಮಾಡಿ ನ್ಯಾಯ ಕೊಡಿಸಬೇಕೆಂದು ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಅರ್ಜಿ ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಮನೆಯಲ್ಲಿ ಇಡಿ.

ಅಭ್ಯಾಸ

1. ಕೂಲಿಕಾರನ ಪರವಾಗಿ ಕೋರ್ಟಿಗೆ ಹೋದವರು ಯಾರು?
2. 'ಯಾಕೆ ಅಂತ ಬರೆದುಕೊಡಿ' ಎಂದು ಹಿರಿಯವಳು ಯಾಕೆ ಕೇಳಿದಳು? ಮಾತಾಡಿ.
3. ನಿಮ್ಮ ಮನೆಯಲ್ಲಿ ಚಿಕಿತ್ಸೆಗೆ ಸಾಲ ಮಾಡಿದ್ದು ಉಂಟೇ? ಗುಂಪಿನಲ್ಲಿ ಹೇಳಿ.
4. ಓದಿ, ಬರೆಯಿರಿ: ಹಕ್ಕು, ತುರ್ತು, ರಸೀದಿ, ಚಿಕಿತ್ಸೆ, ಅರ್ಜಿ.
5. ಮೇಲಿನ ಅರ್ಜಿಯನ್ನು ನಿಮ್ಮ ಹೆಸರು ಹಾಕಿ ಬರೆಯಿರಿ. ಕೊನೆಗೆ ಹೆಬ್ಬೆಟ್ಟು ಬೇಡ, ಸಹಿ ಹಾಕಿ.