ರಸ್ತೆ ಅಗಲವಾಗಲಿ, ಗೂಟ ನೆಡುವ ಮೊದಲು ಇಷ್ಟು ಕೇಳಿ

ಮಾಗಡಿ ಸೀಮೆಯ ನಮ್ಮ ಕಡೆ ರಾಗಿ, ಅವರೆ, ಹುರುಳಿ ಬೆಳೆಯುವ ಎಷ್ಟೋ ಹೊಲಗಳು ರಸ್ತೆಗೆ ತಾಗಿಕೊಂಡೇ ಇವೆ. ಮೊದಲು ನಾಲ್ಕಾರು ಬಸ್ಸು ಓಡಾಡುತ್ತಿದ್ದ ದಾರಿಯಲ್ಲಿ ಈಗ ಜಲ್ಲಿ ಲಾರಿ, ಹಾಲಿನ ವ್ಯಾನು, ಶಾಲೆ ಬಸ್ಸು, ಟ್ರ್ಯಾಕ್ಟರು, ಬೈಕು ಎಲ್ಲಾ ಒಟ್ಟಿಗೆ ನುಗ್ಗುತ್ತವೆ. ರಸ್ತೆ ಅಗಲ ಮಾಡಿ ಅಂತ ಕೇಳುವುದು ನ್ಯಾಯವೇ. ಆದರೆ ಅಗಲ ಆದ ಮಾತ್ರಕ್ಕೆ ಎಲ್ಲಾ ಸರಿಹೋಗುವುದಿಲ್ಲ. ನಕ್ಷೆ ತಯಾರಾಗುವಾಗಲೇ ರೈತರು ಹೋಗಿ ಕೇಳಬೇಕಾದ ಸಂಗತಿಗಳಿವೆ. ಗೂಟ ನೆಟ್ಟ ಮೇಲೆ ಕೇಳಿದರೆ ಕೇಳುವ ಕಿವಿ ಕಡಿಮೆ.

ಅಗಲದ ಲೆಕ್ಕ

ಒಂದು ಸಾಲಿನ ಡಾಂಬರು ರಸ್ತೆ 3.75 ಮೀಟರ್. ಒಂದು ಬಸ್ಸಿನ ಅಗಲವೇ ಸುಮಾರು ಎರಡೂವರೆ ಮೀಟರ್. ಎರಡು ಬಸ್ಸು ಎದುರಾದರೆ ಮಣ್ಣಿಗೆ ಇಳಿಯಲೇಬೇಕು. ಇಳಿದೂ ಇಳಿದೂ ಡಾಂಬರಿನ ಅಂಚು ಒಡೆದು ಗುಂಡಿ ಬೀಳುತ್ತದೆ. ಬೈಕಿನವರು ಜಾರಿ ಬೀಳುವುದು ಇಂಥ ಕಡೆಯೇ. ಎರಡು ಸಾಲಿನ ರಸ್ತೆಗೆ 7 ಮೀಟರ್ ಡಾಂಬರು ಬೇಕು. ಅದರ ಜೊತೆಗೆ ಎರಡು ಬದಿಯ ಮಣ್ಣಿನ ಅಂಚು, ಚರಂಡಿ. ಆದ್ದರಿಂದ ‘ಡಾಂಬರು ಎಷ್ಟು’ ಅನ್ನಬೇಡಿ, ‘ಒಟ್ಟು ಹಿಡಿಯುವ ನೆಲ ಎಷ್ಟು’ ಅಂತ ಕೇಳಿ.

ವಾಹನ ಸಿಕ್ಕಿಕೊಳ್ಳುವುದು ಹೊಲದ ನಡುವೆ ಅಲ್ಲ. ಸಂತೆ, ಬಸ್ ನಿಲ್ದಾಣ, ಕೂಡುರಸ್ತೆಯ ಹತ್ತಿರ. ಹೊಲದಲ್ಲಿ ಅಗಲ ಮಾಡಿ ಊರೊಳಗೆ ಹಾಗೇ ಬಿಟ್ಟರೆ ಲಾಳಿಕೆಗೆ ನೀರು ಸುರಿದ ಹಾಗೆ. ಬಸ್ಸು ರಸ್ತೆ ಬಿಟ್ಟು ಬದಿಗೆ ನಿಲ್ಲಲು ಜಾಗ ಮಾಡಿಸಿದರೆ ಅರ್ಧ ಗೋಜಲು ಅಲ್ಲೇ ತಪ್ಪುತ್ತದೆ.

ವೇಗ ಹೆಚ್ಚಿದರೆ

ರಸ್ತೆ ಚೆನ್ನಾದರೆ ಓಡಿಸುವವರ ಕಾಲು ತಾನೇ ಒತ್ತುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು, ಒಣ ರಸ್ತೆಯಲ್ಲಿ, ದನ ಕಂಡ ಮೇಲೆ ನಿಲ್ಲಲು ಸುಮಾರು 22 ಮೀಟರ್ ಸಾಕು. 80ರ ವೇಗದಲ್ಲಿ ಸುಮಾರು 66 ಮೀಟರ್ ಬೇಕು. ವೇಗ ಎರಡರಷ್ಟಾದರೆ ಬ್ರೇಕು ಹಾಕಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ, ಅದಕ್ಕೇ ಹೀಗೆ. ಆದ್ದರಿಂದ ಶಾಲೆ, ಹಾಲಿನ ಡೈರಿ, ದನ ದಾಟುವ ಜಾಗಗಳನ್ನು ಪಟ್ಟಿ ಮಾಡಿ, ಅಲ್ಲಿ ವೇಗ ತಡೆ, ಫಲಕ, ದೀಪ ಬೇಕೆಂದು ಪಂಚಾಯಿತಿಯಿಂದ ಬರೆದುಕೊಡಿ. ಹೊಲಕ್ಕೆ ಬಂಡಿ ಇಳಿಯುವ ಜಾಗ ಕೂಡ ನಕ್ಷೆಯಲ್ಲಿ ಕಾಣಬೇಕು.

ನೀರಿನ ದಾರಿ

ಮಳೆಯನ್ನೇ ನಂಬಿದವರಿಗೆ ಎಲ್ಲಕ್ಕಿಂತ ಮುಖ್ಯ ಇದು. ಎತ್ತರಿಸಿದ ರಸ್ತೆ ಅಂದರೆ ಒಂದು ದೊಡ್ಡ ಬದು. ನಮ್ಮ ಹೊಲದ ಬಳಿ ಕೆಲಸ ಮಾಡಿಸಿದವರು ಹಳೇ ಚಪ್ಪಡಿ ಮೋರಿ ತೆಗೆದು ಸಿಮೆಂಟ್ ಕೊಳವೆ ಹಾಕಿದರು. ಮೊದಲನೇ ದೊಡ್ಡ ಮಳೆಗೇ ಸೊಪ್ಪು ಸದೆ ಸಿಕ್ಕಿಕೊಂಡಿತು. ಮೇಲಿನ ನನ್ನ ಹೊಲದಲ್ಲಿ ನೀರು ನಿಂತು ರಾಗಿ ಪೈರು ಹಳದಿಯಾಯಿತು. ಕೆಳಗಿನ ಕಟ್ಟೆ ಒಣಗೇ ಉಳಿಯಿತು.

ಲೆಕ್ಕ ನೀವೇ ಹಾಕಿ. ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರದ ಮೋರಿಯ ಬಾಯಿ 1.5 ಚದರ ಮೀಟರ್. 60 ಸೆಂಟಿಮೀಟರ್ ಅಡ್ಡಳತೆಯ ಕೊಳವೆಯದು ಬರೀ 0.28. ಅಂಥ ಐದು ಕೊಳವೆ ಸೇರಿಸಿದರೂ ಹಳೇ ಮೋರಿಗೆ ಸಮ ಆಗದು. ಮೋರಿಯ ತಳ ಹಳ್ಳದ ತಳಕ್ಕೆ ಸಮ ಇರಬೇಕು. ಚರಂಡಿಯ ಕೊನೆ ಹಳ್ಳಕ್ಕೋ ಕೆರೆಗೋ ಸೇರಬೇಕು. ನಡುವೆ ಹೊಲಕ್ಕೆ ಬಿಟ್ಟರೆ ಮೇಲ್ಮಣ್ಣು ಕೊಚ್ಚಿ ಕೊರಕಲು ಬೀಳುತ್ತದೆ. ಮಳೆಗಾಲದಲ್ಲಿ ನೀರು ಎಲ್ಲಿ ಹರಿಯುತ್ತದೆ ಅನ್ನುವುದು ಬೇಸಿಗೆಯಲ್ಲಿ ಅಳೆಯಲು ಬಂದ ಎಂಜಿನಿಯರಿಗೆ ಕಾಣುವುದಿಲ್ಲ. ನಾವೇ ಜೊತೆಗೆ ನಡೆದು ತೋರಿಸಬೇಕು.

ಸಾಲುಮರಗಳು

ಹುಲಿಕಲ್ಲು–ಕುದೂರು ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಯಜಮಾನರು ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳು 385 ಎಂದು ಹೆಸರಾಗಿವೆ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲಿಸುವಾಗ ಅವಕ್ಕೇ ಕುತ್ತು ಬಂತು. ಅಜ್ಜಿ ಮುಖ್ಯಮಂತ್ರಿಗಳಿಗೆ ಮೊರೆಯಿಟ್ಟರು, ಮರ ಉಳಿಸುವ ದಾರಿ ನೋಡಿ ಎಂದು ಅಧಿಕಾರಿಗಳಿಗೆ ಸೂಚನೆ ಹೋಯಿತು. ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು. ಎಲ್ಲಾ ಊರಿಗೂ ಒಬ್ಬ ತಿಮ್ಮಕ್ಕ ಇರುವುದಿಲ್ಲ. ಕೇಳಬೇಕಾದವರು ನಾವೇ. ಎರಡೂ ಬದಿ ಅಗಲಿಸುವ ಬದಲು ಒಂದೇ ಬದಿಗೆ ಅಗಲಿಸಿದರೆ ಒಂದು ಸಾಲು ಮರ ಉಳಿಯುತ್ತದೆ. ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಜನರಿಗೆ ತಿಳಿಸಿ ಆಕ್ಷೇಪಣೆ ಕರೆಯುವ ಕ್ರಮ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿದೆ.

ಕಾಗದ ಪತ್ರ

ಮೊದಲು ಗ್ರಾಮ ನಕ್ಷೆ ನೋಡಿ. ದಾರಿಗೆಂದು ‘ಬ’ ಖರಾಬಿನಲ್ಲಿರುವ ನೆಲ ಸರ್ಕಾರದ್ದು, ಅದಕ್ಕೆ ಪರಿಹಾರ ಸಿಗದು. ಅದನ್ನು ಮೀರಿ ಹಿಡುವಳಿ ಭೂಮಿ ಸ್ವಾಧೀನ ಮಾಡಿಕೊಂಡರೆ 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕ ಹೀಗೆ: ಮಾರುಕಟ್ಟೆ ಬೆಲೆಯನ್ನು ಹಳ್ಳಿ ಕಡೆ 1ರಿಂದ 2ರ ಒಳಗಿನ ಅಂಕಿಯಿಂದ ಗುಣಿಸಬೇಕು. ಮರ, ಬಾವಿ, ಕಟ್ಟಡದ ಬೆಲೆ ಕೂಡಿಸಬೇಕು. ಬಂದ ಮೊತ್ತದಷ್ಟೇ ಹಣವನ್ನು ಮತ್ತೆ ಸೇರಿಸಬೇಕು. ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆಗೆ 60 ದಿನ. ರಾಷ್ಟ್ರೀಯ ಹೆದ್ದಾರಿಯಾದರೆ 21 ದಿನ ಮಾತ್ರ.

ಖಾತೆ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಈಗಲೇ ಪೌತಿ ಖಾತೆ ಮಾಡಿಸಿ. ಇಲ್ಲದಿದ್ದರೆ ಪರಿಹಾರದ ಹಣ ಅಣ್ಣತಮ್ಮಂದಿರ ತಕರಾರಿಗೆ ಸಿಕ್ಕು ಕೋರ್ಟಿನಲ್ಲಿ ಕೂರುತ್ತದೆ. ಅಳತೆಯ ದಿನ ಹೊಲದಲ್ಲೇ ಇರಿ. ಹುಣಸೆ, ಹೊಂಗೆ, ಕೊಳವೆಬಾವಿ, ಪೈಪು, ಕಲ್ಲುಬದು ಎಲ್ಲವೂ ಮಹಜರಿನಲ್ಲಿ ಬರೆದಿದೆಯೇ ಓದಿ ನೋಡಿ, ಆಮೇಲೆ ಸಹಿ ಹಾಕಿ.

ನಮ್ಮ ಪಾಲಿನ ಕೆಲಸ

ಅಗಲವಾದ ರಸ್ತೆ ಒಕ್ಕಣೆಗೆ ಒಳ್ಳೇ ಕಣ ಅಂತ ಆಸೆ ಹುಟ್ಟುತ್ತದೆ. ಬೇಡ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ್ದುಂಟು, ರಾಗಿ ತೆನೆಯ ಮೇಲೆ ಬೈಕು ಜಾರಿ ಜೀವ ಹೋದದ್ದುಂಟು. ಊರಿಗೊಂದು ಸಾಮೂಹಿಕ ಕಣವನ್ನು ಪಂಚಾಯಿತಿಯಲ್ಲಿ ಕೇಳೋಣ. ಎತ್ತಿನಗಾಡಿ, ಟ್ರೇಲರುಗಳ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸೋಣ, ಅದಕ್ಕೆ ಆಗುವ ಖರ್ಚು ಅಲ್ಪ.

ನಿಮ್ಮೂರ ರಸ್ತೆಯ ಮಾತು ಶುರುವಾಗಿದ್ದರೆ ಮುಂದಿನ ಗ್ರಾಮಸಭೆಗೆ ತಪ್ಪಿಸಬೇಡಿ. ನೀರು, ಮರ, ದಾಟುವ ಜಾಗ ಮೂರನ್ನೂ ಗುರುತು ಮಾಡಿದ ಒಂದು ಹಾಳೆ ಕೈಯಲ್ಲಿರಲಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯಲು ಮರೆಯಬೇಡಿ.